ಜಿಂಕೆಗೂ ಎಲ್ಕ್‌ಗೂ ಯಾವ ಕ್ಯಾಲಿಬರ್? ರೈಫಲ್ ಆರಿಸಿಕೊಳ್ಳುವವರಿಗೆ ಸಮಗ್ರ ಮಾರ್ಗದರ್ಶಿ

ಅಜ್ಜನ ಮನೆಯ ಗೋಡೆಯಲ್ಲಿ ಒಂದು ಟ್ವೆಲ್ವ್ ಬೋರಿನ ತೋಟೆ ಕೋವಿ ನೇತಾಡುತ್ತಿತ್ತು. ಹಂದಿ ಗದ್ದೆಗೆ ಬಂದಾಗ ಹೆದರಿಸಲು ಗಾಳಿಯಲ್ಲಿ ಒಂದು ಈಡು, ವರ್ಷಕ್ಕೊಮ್ಮೆ ಆಯುಧಪೂಜೆಗೆ ಅರಿಶಿನ ಕುಂಕುಮ, ಅದರ ಬದುಕು ಅಷ್ಟೇ. ಯಾವ ಕೋವಿ ಬೇಕು ಎಂಬ ಪ್ರಶ್ನೆಯೇ ಆ ಮನೆಯಲ್ಲಿ ಇರಲಿಲ್ಲ. ಇದ್ದ ಆಯ್ಕೆ ಎಂದರೆ ತೋಟೆಯದ್ದು: ದಪ್ಪ ಚರೆಯ ಎಲ್‌ಜಿಯೋ, ಎಸ್‌ಜಿಯೋ, ಸಣ್ಣದಾದ ನಾಲ್ಕನೇ ನಂಬರಿನ ಚರೆಯೋ.

ಇಷ್ಟೇ ತಿಳುವಳಿಕೆ ಇಟ್ಟುಕೊಂಡು ನಾನು ಅಮೆರಿಕದ ಕೊಲರಾಡೋದ ಒಂದು ಬಂದೂಕಿನಂಗಡಿಗೆ ಹೋದೆ. ಗೋಡೆ ತುಂಬ ರೈಫಲ್, ಕಪಾಟಿನ ತುಂಬ ಬಣ್ಣಬಣ್ಣದ ತೋಟೆ ಡಬ್ಬಿ. ಒಂದೊಂದರ ಮೇಲೂ ಒಂದೊಂದು ನಂಬರು. ಅದೇ ಕ್ಯಾಲಿಬರ್, ಅಂದರೆ ನಳಿಗೆಯ ತೂತಿನ ಅಳತೆ ಸೂಚಿಸುವ ತೋಟೆಯ ಹೆಸರು. ನನಗೆ ಬೇಕಿದ್ದದ್ದು ಎಲ್ಕ್ ಬೇಟೆಗೆ. ಎಲ್ಕ್ ಎಂದರೆ ಕಡವೆಯನ್ನು ಹೋಲುವ, ಅಲ್ಲಿನ ದೊಡ್ಡ ಜಿಂಕೆ. ಅಂಗಡಿಯವ ಹೆಚ್ಚು ಯೋಚಿಸಲಿಲ್ಲ. ‘ಎಲ್ಕ್ ಹೊಡೆಯಬೇಕು ಅಂದರೆ ದೊಡ್ಡದೇ ಇರಲಿ’ ಎಂದು .300 ವಿಂಚೆಸ್ಟರ್ ಮ್ಯಾಗ್ನಂ ಕೈಗಿಟ್ಟ. ಎರಡು ಸೀಸನ್ ಗುಂಡು ಹಾರಿಸಿದಾಗಲೆಲ್ಲ ಭುಜಕ್ಕೆ ಅದರ ಒದೆ ತಿಂದೆ. ಕೊನೆಗೆ 180 ಗಜದಲ್ಲಿ ಅಡ್ಡಲಾಗಿ ನಿಂತಿದ್ದ ಹೆಣ್ಣು ಎಲ್ಕ್ ಒಂದನ್ನು ಪೂರ್ತಿ ತಪ್ಪಿಸಿದೆ. ಕೋವಿಯ ಕುದುರೆ (ಟ್ರಿಗರ್) ಎಳೆಯುವ ಮೊದಲೇ ಕಣ್ಣು ಮುಚ್ಚಿಕೊಂಡಿದ್ದೆ! ಆ ರೈಫಲ್ ಮಾರಿ .30-06 ಕೊಂಡಮೇಲೆ ಮನೆಗೆ ಮಾಂಸ ಬರತೊಡಗಿತು.

ನಾನು ಮಾಡಿದ ತಪ್ಪು ಒಂದೇ. ಮೊದಲು ಕ್ಯಾಲಿಬರ್ ಆರಿಸಿದೆ, ಆಮೇಲೆ ಉಳಿದದ್ದನ್ನು ಯೋಚಿಸಿದೆ. ಕ್ಯಾಲಿಬರ್ ಬರಬೇಕಾದ್ದು ಕಡೆಗೆ. ಕಾನೂನು, ಪ್ರಾಣಿ, ದೂರ, ನಿಮ್ಮ ಭುಜ, ಗುಂಡು ಇವನ್ನು ಮೊದಲು ಇತ್ಯರ್ಥ ಮಾಡಿಕೊಂಡರೆ ಕೈಯಲ್ಲಿ ಉಳಿಯುವುದು ಮೂರೋ ನಾಲ್ಕೋ ಹೆಸರು. ಈ ಮಾರ್ಗದರ್ಶಿ ಆ ದಾರಿಯಲ್ಲೇ ಹೋಗುತ್ತದೆ.

ಊರಲ್ಲಿ ಕೂತು ಓದುವವರಿಗೆ ಒಂದು ಮಾತು. ಇದು ಅಮೆರಿಕದ, ಅದರಲ್ಲೂ ರಾಕಿ ಪರ್ವತದ ಸೀಮೆಯ ವಿಷಯ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಜಿಂಕೆ, ಕಡವೆ ಹೊಡೆಯುವುದು ಅಪರಾಧ. ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ವಿನಾಯಿತಿ ಇರುವುದು ಕೋವಿಯ ಪರವಾನಗಿಗೆ ಮಾತ್ರ, ಬೇಟೆಗಲ್ಲ. ಇಲ್ಲಿಯದ್ದನ್ನು ಅಲ್ಲಿಗೆ ಒಯ್ಯಬೇಡಿ.

ಹೆಜ್ಜೆ 1: ಮೊದಲು ಕಾಗದಪತ್ರ

ನಮ್ಮವರಲ್ಲಿ ಬಹಳ ಜನ ಎಚ್-1ಬಿ ಅಥವಾ ಎಫ್-1 ವೀಸಾದಲ್ಲಿ ಇರುತ್ತಾರೆ. ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಇಂಥ ತಾತ್ಕಾಲಿಕ ವೀಸಾದವರು ಬಂದೂಕು ಅಥವಾ ತೋಟೆ ಇಟ್ಟುಕೊಳ್ಳುವುದು ಸಾಮಾನ್ಯವಾಗಿ ನಿಷಿದ್ಧ. ಅದಕ್ಕೆ ಇರುವ ವಿನಾಯಿತಿಗಳಲ್ಲಿ ಒಂದು, ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇರುವುದು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಗೆಳೆಯನ ರೈಫಲನ್ನು ಒಂದು ನಿಮಿಷ ಹಿಡಿದು ನೋಡೋಣ ಎಂದರೂ ಈ ನಿಯಮ ಅಡ್ಡ ಬರಬಹುದು. ವೀಸಾದಲ್ಲಿದ್ದರೆ ಮೊದಲು ವಕೀಲರನ್ನು ಕೇಳಿ. ಅವರಿಗೆ ಕೊಡುವ ಫೀಸು ದಂಡವಲ್ಲ. ತಪ್ಪಿದರೆ ಕೆಲಸ, ವೀಸಾ ಎರಡಕ್ಕೂ ಕುತ್ತು.

ಎರಡನೆಯದು ಹಂಟರ್ ಎಜುಕೇಷನ್ ಕಾರ್ಡ್, ಬೇಟೆಯ ತರಬೇತಿ ಕೋರ್ಸ್ ಮುಗಿಸಿದವರಿಗೆ ಕೊಡುವಂಥದ್ದು. ಕೊಲರಾಡೋದಲ್ಲಿ 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದ ಎಲ್ಲರಿಗೂ ಇದು ಬೇಕು. ಸುಮ್ನೆ ಪಾಸಾಗಲು ಓದಬೇಡಿ, ಕೋರ್ಸ್ ನಿಜವಾಗಿಯೂ ಚೆನ್ನಾಗಿದೆ.

ಮೂರನೆಯದು ಕ್ಯಾಲಿಬರ್‌ಗೆ ನೇರ ಸಂಬಂಧಿಸಿದ್ದು. ಹಲವು ರಾಜ್ಯಗಳು ಇದಕ್ಕಿಂತ ಚಿಕ್ಕದು ಬೇಡ ಎಂದು ಒಂದು ಗೆರೆ ಎಳೆದಿರುತ್ತವೆ. ಕೊಲರಾಡೋದ ಗೆರೆ ಹೀಗಿದೆ: ರೈಫಲ್ ಕನಿಷ್ಠ .24 ಕ್ಯಾಲಿಬರ್, ಅಂದರೆ 6 ಮಿಲಿಮೀಟರ್ ಇರಬೇಕು. ತಾಗಿದಾಗ ಅರಳುವ ಗುಂಡೇ ಆಗಬೇಕು. ಗುಂಡಿನ ತೂಕ ಜಿಂಕೆಗೆ ಕನಿಷ್ಠ 70 ಗ್ರೇನ್, ಎಲ್ಕ್‌ಗೆ ಕನಿಷ್ಠ 85 ಗ್ರೇನ್. ತಯಾರಕರ ಲೆಕ್ಕದಂತೆ 100 ಗಜದಲ್ಲಿ 1,000 ಅಡಿ-ಪೌಂಡ್ ಶಕ್ತಿ ಉಳಿದಿರಬೇಕು. ಜಿಂಕೆ ಬೇಟೆಗೆ ಕೆಲವು ಕಡೆ ಬಳಕೆಯಲ್ಲಿರುವ .223 ಇಲ್ಲಿಗೇ ಹೊರಬಿತ್ತು.

ಒಹಾಯೋ, ಅಯೋವಾದಂಥ ಕಡೆ ಕಥೆಯೇ ಬೇರೆ. ಬಯಲು ಸೀಮೆ, ಮನೆಗಳು ಜಾಸ್ತಿ, ಗುಂಡು ಬಹುದೂರ ಹೋಗಬಾರದು ಎಂಬ ಯೋಚನೆ ಅಲ್ಲಿನದು. ಹಾಗಾಗಿ ಜಿಂಕೆಗೆ ಹೆಚ್ಚಾಗಿ ಶಾಟ್‌ಗನ್, ಇಲ್ಲವೇ ರೈಫಲ್ ಆದರೆ ಕುತ್ತಿಗೆಯಿಲ್ಲದ ನೇರ ಕೊಳವೆಯ ತೋಟೆ ಹಾಕುವಂಥದ್ದು. .350 ಲೆಜೆಂಡ್, .450 ಬುಶ್‌ಮಾಸ್ಟರ್ ಅಲ್ಲಿ ಅಷ್ಟು ಮಾರಾಟವಾಗುವುದು ಇದೇ ಕಾರಣಕ್ಕೆ. ನಮ್ಮ ದೇಶದ ಸರ್ಕಾರಿ ಕಾರ್ಖಾನೆಯ .315 ರೈಫಲ್ ಕಥೆಯೂ ಇಂಥದ್ದೇ ಅಲ್ವಾ? ಸೈನ್ಯದ .303 ಜನಸಾಮಾನ್ಯರ ಕೈಗೆ ಬೇಡ ಎಂದು ಬ್ರಿಟಿಷರು ತಡೆದರು, ಅದಕ್ಕೆ .315 ಉಳಿದುಕೊಂಡಿತು. ಕ್ಯಾಲಿಬರನ್ನು ಎಷ್ಟೋ ಸಲ ಬೇಟೆಗಾರ ಆರಿಸುವುದಿಲ್ಲ, ಕಾನೂನು ಆರಿಸುತ್ತದೆ.

ನಿಯಮ ವರ್ಷವರ್ಷ ಬದಲಾಗಬಹುದು. ನೀವು ಹೋಗುವ ರಾಜ್ಯದ ಆ ವರ್ಷದ ಕೈಪಿಡಿ ತೆರೆದು ಒಮ್ಮೆ ನೋಡಿಕೊಳ್ಳಿ.

ಹೆಜ್ಜೆ 2: ಪ್ರಾಣಿ ಎಷ್ಟು ದೊಡ್ಡದು?

ಜಿಂಕೆ ಮತ್ತು ಎಲ್ಕ್ ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಎರಡರ ನಡುವಿನ ಅಂತರ ಕುರಿಗೂ ಎತ್ತಿಗೂ ಇರುವಷ್ಟು. ರಾಕಿ ಸೀಮೆಯ ಮ್ಯೂಲ್ ಡಿಯರ್ ಗಂಡು 70ರಿಂದ 110 ಕಿಲೋ ತೂಗುತ್ತದೆ. ಬಂಡೀಪುರದಲ್ಲಿ ನೋಡಿದ ಚುಕ್ಕೆ ಜಿಂಕೆಯನ್ನು ನೆನೆಸಿಕೊಂಡು, ಅದಕ್ಕಿಂತ ಸ್ವಲ್ಪ ದಪ್ಪ ಎಂದುಕೊಳ್ಳಿ. ಹೆಣ್ಣು ಎಲ್ಕ್ ಸುಮಾರು 225 ಕಿಲೋ, ಗಂಡು ಸುಮಾರು 320 ಕಿಲೋ. ದೊಡ್ಡ ಕಡವೆಗೂ ಒಂದು ಕೈ ಮೇಲೆ.

ಗುಂಡು ಹೋಗಬೇಕಾದ ಜಾಗ ಎರಡರಲ್ಲೂ ಒಂದೇ. ಮುಂಗಾಲಿನ ಹಿಂದೆ, ಎದೆಗೂಡಿನ ಒಳಗೆ ಹೃದಯ ಮತ್ತು ಶ್ವಾಸಕೋಶ ಇರುವಲ್ಲಿ. ಜಿಂಕೆಯಲ್ಲಿ ಆ ಗುರಿ 8ರಿಂದ 10 ಅಂಗುಲ, ಎಲ್ಕ್‌ನಲ್ಲಿ ಸುಮಾರು 14 ಅಂಗುಲ. ಹಾಗಾದರೆ ಎಲ್ಕ್‌ಗೆ ತಾಗಿಸುವುದು ಸುಲಭ. ಒಳಗೆ ಹೋಗಿಸುವುದು ಕಷ್ಟ. ದಪ್ಪ ಚರ್ಮ, ಕೆಸರು ಮೆತ್ತಿದ ಒರಟು ಕೂದಲು, ಗಟ್ಟಿ ಭುಜದ ಮೂಳೆ, ಅದರಾಚೆ ಒಂದೂವರೆ ಅಡಿ ಮೈ. ಪ್ರಾಣಿ ಸ್ವಲ್ಪ ಓರೆಯಾಗಿ ನಿಂತರೆ ಇನ್ನೂ ಜಾಸ್ತಿ. ಜಿಂಕೆಗೆ ಬೇಕಾದ್ದು ಬೇಗ ಅರಳುವ ಗುಂಡು, ಎಲ್ಕ್‌ಗೆ ಬೇಕಾದ್ದು ಒಡೆಯದೆ ಆಳಕ್ಕೆ ಇಳಿಯುವ ಗುಂಡು. ಈ ವ್ಯತ್ಯಾಸ ಮುಂದೆ ಮತ್ತೆ ಮತ್ತೆ ಬರುತ್ತದೆ.

ಹೆಜ್ಜೆ 3: ಹೆಸರು ಓದಲು ಕಲಿಯಿರಿ

ನಮಗೆ ಬೋರಿನ ಲೆಕ್ಕ ಗೊತ್ತು. ನಳಿಗೆಯ ಅಳತೆಯ ಸೀಸದ ಗುಂಡು 12 ಸೇರಿದರೆ ಒಂದು ಪೌಂಡ್, ಅದು ಟ್ವೆಲ್ವ್ ಬೋರ್. ನಂಬರ್ ಹೆಚ್ಚಾದಂತೆ ತೂತು ಚಿಕ್ಕದು. ರೈಫಲ್‌ನಲ್ಲಿ ಇದು ಉಲ್ಟಾ. ಇಲ್ಲಿ ನಂಬರ್ ಎಂದರೆ ಅಂಗುಲದ ಭಾಗ, ದೊಡ್ಡ ನಂಬರ್ ಎಂದರೆ ದೊಡ್ಡ ತೂತು.

ಅಷ್ಟೇ ಆಗಿದ್ದರೆ ಸುಲಭವಿತ್ತು. .30-30, .308, .30-06, .300 ಮ್ಯಾಗ್ನಂ ಈ ನಾಲ್ಕರಲ್ಲೂ ಹಾರುವ ಗುಂಡಿನ ಅಡ್ಡಳತೆ ಒಂದೇ, .308 ಅಂಗುಲ. ಬೇರೆ ಇರುವುದು ಹಿಂದಿನ ಹಿತ್ತಾಳೆ ಕೊಳವೆ, ಅದರೊಳಗಿನ ಮದ್ದಿನ ಪ್ರಮಾಣ. .30-06ರಲ್ಲಿ 06 ಎಂದರೆ 1906ನೇ ಇಸವಿ. .30-30ರಲ್ಲಿ ಎರಡನೇ 30 ಎಂದರೆ ಮೊದಲಿಗೆ ತುಂಬುತ್ತಿದ್ದ 30 ಗ್ರೇನ್ ಮದ್ದು. .270ರ ಗುಂಡು ನಿಜಕ್ಕೂ .277 ಅಂಗುಲ! ಹೆಸರಿಡುವುದಕ್ಕೆ ನಿಯಮವೇ ಇಲ್ಲ, ಒಬ್ಬೊಬ್ಬರು ಒಂದೊಂದು ಥರ ಇಟ್ಟರು.

ತಿಳಿದಿರಬೇಕಾದ್ದು ಇಷ್ಟು: ನಳಿಗೆಯ ಮೇಲೆ ಕೆತ್ತಿದ ಪೂರ್ತಿ ಹೆಸರು ಮತ್ತು ತೋಟೆಯ ಬುಡದಲ್ಲಿರುವ ಪೂರ್ತಿ ಹೆಸರು ಅಕ್ಷರ ಅಕ್ಷರಕ್ಕೆ ಹೊಂದಬೇಕು. ಹತ್ತಿರ ಹತ್ತಿರ ಇದೆಯಲ್ಲ ಎಂದು ಹಾಕಿದರೆ ಕೋವಿ ಮುಖದ ಹತ್ತಿರವೇ ಸಿಡಿಯಬಹುದು.

ಗ್ರೇನ್ ಎಂಬುದು ತೂಕದ ಅಳತೆ. 7,000 ಗ್ರೇನ್‌ಗೆ ಒಂದು ಪೌಂಡ್. 150 ಗ್ರೇನ್ ಗುಂಡು ಎಂದರೆ ಹತ್ತು ಗ್ರಾಂಗೆ ಸ್ವಲ್ಪ ಕಡಿಮೆ.

ಹೆಜ್ಜೆ 4: ನಿಮ್ಮ ದೂರ ಎಷ್ಟು?

ಇದನ್ನು ಎಲ್ಲರೂ ಹಾರಿಸಿಬಿಡುತ್ತಾರೆ. 600 ಗಜದಲ್ಲಿ ಎಲ್ಕ್ ಹೊಡೆದ ವಿಡಿಯೋ ನೋಡಿ ಅದಕ್ಕೆ ತಕ್ಕ ರೈಫಲ್ ಹುಡುಕುತ್ತಾರೆ. ಆ ವಿಡಿಯೋ ಹಿಂದೆ ವರ್ಷಗಟ್ಟಲೆ ಅಭ್ಯಾಸ ಇದೆ. ತಾಗದೆ ಹೋದ, ಗಾಯ ಮಾಡಿ ಕಳೆದುಕೊಂಡ ಪ್ರಾಣಿಗಳ ವಿಡಿಯೋ ಯಾರೂ ಹಾಕುವುದಿಲ್ಲ.

ಪರೀಕ್ಷೆ ಸರಳ. ಎಂಟು ಅಂಗುಲದ ಕಾಗದದ ತಟ್ಟೆ ತೆಗೆದುಕೊಳ್ಳಿ, ಬರ್ತ್‌ಡೇ ಪಾರ್ಟಿಯಲ್ಲಿ ಕೇಕ್ ಕೊಡುವಂಥದ್ದು. 100 ಗಜದಲ್ಲಿ ಅಂಟಿಸಿ. ಗುಂಡು ಅಭ್ಯಾಸ ಮಾಡುವ ರೇಂಜಿನ ಮೇಜಿಗೆ ಒರಗಬೇಡಿ. ಕಾಡಿನಲ್ಲಿ ಕೂರುವ ಹಾಗೆ ಕೂತು, ಅಥವಾ ಮಂಡಿಯೂರಿ, ಕೋಲಿಗೋ ಬ್ಯಾಗಿಗೋ ಒರಗಿಸಿ ಐದು ಗುಂಡು ಹಾರಿಸಿ. ಐದಕ್ಕೆ ಐದೂ ತಟ್ಟೆಯಲ್ಲಿದ್ದರೆ 150 ಗಜಕ್ಕೆ ಹೋಗಿ. ಆಮೇಲೆ 200, 250. ಒಂದು ಗುಂಡು ಹೊರಹೋದ ದೂರ ನಿಮ್ಮದಲ್ಲ, ಅದರ ಹಿಂದಿನದು ನಿಮ್ಮದು. ಮೊದಲ ವರ್ಷ ಬಹುಪಾಲು ಜನರದ್ದು 150ರಿಂದ 200 ಗಜದೊಳಗೇ ನಿಲ್ಲುತ್ತದೆ. ಅದರಲ್ಲಿ ನಾಚಿಕೆಪಡಲು ಏನಿಲ್ಲ. ದಟ್ಟ ಆಸ್ಪೆನ್ ತೋಪುಗಳಲ್ಲಿ ಎಷ್ಟೋ ಎಲ್ಕ್ ಅದಕ್ಕಿಂತ ಹತ್ತಿರದಲ್ಲೇ ಸಿಗುತ್ತವೆ.

ಈಗ ಒಂದು ಲೆಕ್ಕ ನೋಡಿ. 200 ಗಜಕ್ಕೆ ಗುರಿ ಹೊಂದಿಸಿದ ರೈಫಲ್ 300 ಗಜದಲ್ಲಿ ಎಷ್ಟು ಕೆಳಗೆ ಹೊಡೆಯುತ್ತದೆ? .270ರ 130 ಗ್ರೇನ್ ಗುಂಡು ಆರೂವರೆಯಿಂದ ಏಳು ಅಂಗುಲ. .300 ಮ್ಯಾಗ್ನಂ 180 ಗ್ರೇನ್ ಹತ್ತಿರ ಹತ್ತಿರ ಅಷ್ಟೇ. .308ರ 150 ಗ್ರೇನ್ ಎಂಟು ಒಂಬತ್ತು ಅಂಗುಲ. ಇಷ್ಟೆಲ್ಲ ವಾದ ನಡೆಯುವುದು ಎರಡು ಅಂಗುಲಕ್ಕೆ! 300 ಗಜದೊಳಗೆ ಬೇಟೆಯಾಡುವವರಿಗೆ ಗುಂಡಿನ ದಾರಿ ನೋಡಿ ಕ್ಯಾಲಿಬರ್ ಆರಿಸುವ ಅಗತ್ಯವೇ ಇಲ್ಲ.

ಹೆಜ್ಜೆ 5: ಶಕ್ತಿಯ ಲೆಕ್ಕ, ಅದರ ಮಿತಿ

ತೋಟೆ ಡಬ್ಬಿಯ ಮೇಲೆ ಅಥವಾ ಕಂಪನಿಯ ಪಟ್ಟಿಯಲ್ಲಿ ಅಡಿ-ಪೌಂಡ್ ಎಂದು ಒಂದು ಸಾಲು ಇರುತ್ತದೆ. ಗುಂಡಿನ ತೂಕವನ್ನು ವೇಗದಿಂದ ಎರಡು ಸಲ ಗುಣಿಸಿ 450,240ರಿಂದ ಭಾಗಿಸಿದರೆ ಅದು ಸಿಗುತ್ತದೆ. .308ರ 150 ಗ್ರೇನ್ ಗುಂಡು ಸೆಕೆಂಡಿಗೆ 2,820 ಅಡಿ ವೇಗದಲ್ಲಿ ಹೊರಟರೆ ಸುಮಾರು 2,650 ಅಡಿ-ಪೌಂಡ್.

ಹಳೇ ಬೇಟೆಗಾರರ ಕೈಲೆಕ್ಕ ಒಂದಿದೆ. ಪ್ರಾಣಿಗೆ ತಾಗುವ ಜಾಗದಲ್ಲಿ ಜಿಂಕೆಗೆ 1,000, ಎಲ್ಕ್‌ಗೆ 1,500 ಅಡಿ-ಪೌಂಡ್ ಉಳಿದಿರಲಿ ಎಂದು. ಇದು ವಿಜ್ಞಾನ ಅಲ್ಲ, ಅಂದಾಜು. ಆದರೂ ಹೊಸಬರಿಗೆ ಒಳ್ಳೆಯ ಬೇಲಿ. ಈ ಬೇಲಿಯೊಳಗೆ .243 ಎಲ್ಕ್‌ಗೆ 150 ಗಜದ ಆಸುಪಾಸಿನಲ್ಲೇ ಮುಗಿಯುತ್ತದೆ. 6.5 ಕ್ರೀಡ್‌ಮೂರ್ 300 ದಾಟುತ್ತದೆ. .30-06ಕ್ಕೂ ಅಲ್ಲಿಯವರೆಗೆ ಚಿಂತೆ ಇಲ್ಲ.

ಇದಕ್ಕಿಂತ ಮುಖ್ಯವಾದ ಸಾಲು ಅದೇ ಪಟ್ಟಿಯಲ್ಲಿ ಪಕ್ಕದಲ್ಲಿರುತ್ತದೆ, ವೇಗದ್ದು. ಗುಂಡು ಅರಳಬೇಕಾದರೆ ಒಂದು ಮಟ್ಟದ ವೇಗ ಬೇಕು. ಸೀಸದ ಒಡಲಿನ ಸಾಮಾನ್ಯ ಗುಂಡಿಗೆ ಸೆಕೆಂಡಿಗೆ ಸುಮಾರು 1,800 ಅಡಿ, ಪೂರ್ತಿ ತಾಮ್ರದ ಗುಂಡಿಗೆ ಹತ್ತಿರ ಹತ್ತಿರ 2,000 ಅಡಿ. ಅದಕ್ಕಿಂತ ನಿಧಾನವಾದರೆ ಗುಂಡು ಪೆನ್ಸಿಲ್‌ನಂತೆ ತೂತು ಮಾಡಿ ಆಚೆ ಹೋಗುತ್ತದೆ. ಪ್ರಾಣಿ ಮೈಲಿಗಟ್ಟಲೆ ಓಡಿ ಎಲ್ಲೋ ನರಳಿ ಸಾಯುತ್ತದೆ. ನೀವು ಕೊಳ್ಳುವ ತೋಟೆಯ ವೇಗ ಯಾವ ದೂರದಲ್ಲಿ ಆ ಮಟ್ಟಕ್ಕಿಂತ ಕೆಳಗೆ ಬರುತ್ತದೆ ಎಂದು ಪಟ್ಟಿ ನೋಡಿ ಗುರುತು ಹಾಕಿ. ಅದು ಗುಂಡಿನ ದೂರ. ತಟ್ಟೆಯ ಪರೀಕ್ಷೆಯಲ್ಲಿ ಸಿಕ್ಕಿದ್ದು ನಿಮ್ಮ ದೂರ. ಎರಡರಲ್ಲಿ ಯಾವುದು ಕಡಿಮೆಯೋ ಕಾಡಿನಲ್ಲಿ ಅದೇ ಲೆಕ್ಕ.

ಹೆಜ್ಜೆ 6: ಭುಜವನ್ನು ಕೇಳಿ

ನನ್ನ ಪ್ರಕಾರ ಇಡೀ ವಿಷಯದಲ್ಲಿ ಇದೇ ತಿರುಳು. ಕೋವಿ ಒದೆಯುತ್ತದೆ ಎನ್ನುವುದು ನಮಗೆ ಹೊಸ ಮಾತಲ್ಲ. ಆದರೆ ಅಂಗಡಿಯಲ್ಲಿ ಯಾರೂ ಅದನ್ನು ಕೇಳುವುದಿಲ್ಲ. ಕೇಳಿದರೆ ‘ಪ್ರಾಣಿ ಎದುರಿಗಿದ್ದಾಗ ಒದೆ ಗೊತ್ತೇ ಆಗಲ್ಲ’ ಎನ್ನುತ್ತಾರೆ. ಅದು ನಿಜವೇ. ಆದರೆ ಅಭ್ಯಾಸದಲ್ಲಿ ಗೊತ್ತಾಗುತ್ತದೆ. ಅಲ್ಲಿ ಕಲಿತ ಅಳುಕು ಪ್ರಾಣಿ ಎದುರಿಗೂ ಕೈಯಲ್ಲಿ ಉಳಿದಿರುತ್ತದೆ.

ಎಂಟು ಪೌಂಡ್ ತೂಕದ ರೈಫಲ್ ಎಂದು ಇಟ್ಟುಕೊಂಡರೆ ಒದೆಯ ಅಂದಾಜು ಹೀಗೆ: .243ಗೆ ಒಂಬತ್ತು ಹತ್ತು ಅಡಿ-ಪೌಂಡ್. 6.5 ಕ್ರೀಡ್‌ಮೂರ್ ಮತ್ತು 7 ಎಂಎಂ-08 ಹನ್ನೆರಡರಿಂದ ಹದಿನಾಲ್ಕು. .270 ಮತ್ತು .308 ಹದಿನೇಳರ ಸುತ್ತ. .30-06 ಮತ್ತು 7 ಎಂಎಂ ರೆಮಿಂಗ್ಟನ್ ಮ್ಯಾಗ್ನಂ ಇಪ್ಪತ್ತರ ಸುತ್ತ. .300 ವಿಂಚೆಸ್ಟರ್ ಮ್ಯಾಗ್ನಂ ಇಪ್ಪತ್ತೈದು ದಾಟುತ್ತದೆ. ಇಪ್ಪತ್ತು ದಾಟಿದ ಮೇಲೆ ಬಹುಪಾಲು ಜನ ಅಳುಕಲು ಶುರುಮಾಡುತ್ತಾರೆ. ಬೆಟ್ಟ ಹತ್ತಲು ಹಗುರ ಇರಲಿ ಎಂದು ಆರು ಪೌಂಡಿನ ರೈಫಲ್ ಕೊಂಡರೆ ಈ ಅಂಕಿಗಳೆಲ್ಲ ಇನ್ನೂ ಏರುತ್ತವೆ.

ನೀವು ಅಳುಕುತ್ತೀರೋ ಇಲ್ಲವೋ ತಿಳಿಯಲು ಒಂದು ಉಪಾಯ. ಗೆಳೆಯನಿಗೆ ರೈಫಲ್ ಕೊಟ್ಟು ನೀವು ನೋಡದ ಹಾಗೆ ತುಂಬಿಸಲು ಹೇಳಿ, ಒಮ್ಮೆ ನಿಜವಾದ ತೋಟೆ, ಒಮ್ಮೆ ಮದ್ದಿಲ್ಲದ ಡಮ್ಮಿ. ನಿಮಗೆ ಯಾವುದೆಂದು ತಿಳಿದಿರಬಾರದು. ಡಮ್ಮಿ ಬಂದಾಗ ‘ಟಿಕ್’ ಎಂದು ಸದ್ದಾಗುವ ಕ್ಷಣ ನಳಿಗೆಯ ಮೂತಿ ಕೆಳಗೆ ಬಾಗಿತಾ? ಬಾಗಿದರೆ ನೀವು ಗುಂಡಿನ ಮೊದಲೇ ಬೆಚ್ಚುತ್ತಿದ್ದೀರಿ. ನನ್ನ .300ರಲ್ಲಿ ಮೂತಿ ನೆಲ ನೋಡುತ್ತಿತ್ತು. ಗೆಳೆಯ ನಗು ತಡೆಯಲಾರದೆ ಆಚೆ ತಿರುಗಿಕೊಂಡ.

ಮಝಲ್ ಬ್ರೇಕ್ ಎಂದು ಮೂತಿಗೆ ತಿರುಗಿಸಿ ಹಾಕುವ ಒಂದು ಬಿಡಿಭಾಗ ಸಿಗುತ್ತದೆ. ಒದೆ ಗಣನೀಯವಾಗಿ ಇಳಿಯುತ್ತದೆ, ಸದ್ದು ಮಾತ್ರ ಪಕ್ಕದವರ ಕಿವಿ ಹರಿಯುವಷ್ಟು ಏರುತ್ತದೆ. ಬೇಟೆಯಲ್ಲಿ ಕಿವಿಗೆ ಏನೂ ಹಾಕದೆ ಅದನ್ನು ಬಳಸಬೇಡಿ. ಇನ್ನೊಂದು ಎಚ್ಚರಿಕೆ: ಸ್ಕೋಪನ್ನು, ಅಂದರೆ ಗುರಿ ನೋಡಲು ರೈಫಲ್ ಮೇಲೆ ಕೂರಿಸುವ ದುರ್ಬೀನನ್ನು, ಕಣ್ಣಿಗೆ ತೀರಾ ಹತ್ತಿರ ಇಟ್ಟರೆ ಒದೆಗೆ ಅದು ಹುಬ್ಬು ಸೀಳುತ್ತದೆ. ನನ್ನ ಎಡ ಹುಬ್ಬಿನ ಮೇಲೆ ಅರ್ಧಚಂದ್ರದ ಗುರುತು ಈಗಲೂ ಇದೆ. ನಾನು ಎಡಗೈಯವನು.

ಹೆಜ್ಜೆ 7: ಗುಂಡು, ಕೋವಿಗಿಂತ ಮುಖ್ಯ

ಪ್ರಾಣಿಗೆ ತಾಗುವುದು ಕೋವಿಯಲ್ಲ, ಗುಂಡು. ಮೂರು ಥರದ ಗುಂಡು ತಿಳಿದುಕೊಂಡರೆ ಸಾಕು.

ಮೊದಲನೆಯದು ತಾಮ್ರದ ತೆಳು ಕವಚದೊಳಗೆ ಸೀಸ ತುಂಬಿದ ಹಳೇ ಮಾದರಿ. ತಾಗಿದ ಕೂಡಲೇ ಅಣಬೆಯಂತೆ ಅರಳುತ್ತದೆ. ಅಗ್ಗ. ಜಿಂಕೆಗೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ. ತೊಂದರೆ ಬರುವುದು ವೇಗ ಜಾಸ್ತಿಯಾಗಿ, ಹತ್ತಿರದಿಂದ, ದಪ್ಪ ಮೂಳೆಗೆ ತಾಗಿದಾಗ. ಆಗ ಗುಂಡು ಒಳಹೋಗುವ ಮೊದಲೇ ಚೂರಾಗಿಬಿಡುತ್ತದೆ.

1946ರಲ್ಲಿ ಜಾನ್ ನೋಸ್ಲರ್ ಎಂಬವರಿಗೆ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಆದದ್ದು ಇದೇ. ಕೈಯಲ್ಲಿದ್ದದ್ದು .300 ಎಚ್ ಅಂಡ್ ಎಚ್ ಮ್ಯಾಗ್ನಂ, ಸಣ್ಣ ಕೋವಿಯಲ್ಲ. ಎದುರಿಗೆ ಮೈತುಂಬ ಕೆಸರು ಮೆತ್ತಿಕೊಂಡ ಮೂಸ್, ಎಲ್ಕ್‌ಗಿಂತಲೂ ದೊಡ್ಡ ಜಿಂಕೆ. ಗುಂಡಿನ ಮೇಲೆ ಗುಂಡು ಹೊಡೆದರೂ ಒಳಗಿಳಿಯಲಿಲ್ಲ, ಮೇಲ್ಮೈಯಲ್ಲೇ ಒಡೆದುಹೋದವು. ಮನೆಗೆ ಹೋಗಿ ಅವರು ಗುಂಡಿನ ನಡುವೆ ತಾಮ್ರದ ಒಂದು ಅಡ್ಡಗೋಡೆ ಇಟ್ಟರು. ಮುಂದಿನ ಅರ್ಧ ಅರಳಲಿ, ಹಿಂದಿನ ಅರ್ಧ ಹಾಗೇ ಉಳಿದು ಒಳಗೆ ತಳ್ಳಲಿ ಎಂದು. ಅದೇ 1948ರಿಂದ ಮಾರಾಟಕ್ಕೆ ಬಂದ ಪಾರ್ಟಿಷನ್ ಗುಂಡು. ಈಗಲೂ ಎಲ್ಕ್‌ಗೆ ಅದನ್ನೇ ಹಾಕುವವರು ಬೇಕಾದಷ್ಟಿದ್ದಾರೆ. ಸೀಸ ಮತ್ತು ತಾಮ್ರವನ್ನು ಬೆಸೆದು ಬಿಡಿಸಲಾಗದಂತೆ ಮಾಡಿದ ಬಾಂಡೆಡ್ ಗುಂಡುಗಳೂ ಇದೇ ಎರಡನೇ ಗುಂಪಿನವು.

ಮೂರನೆಯದು ಸೀಸವೇ ಇಲ್ಲದ, ಪೂರ್ತಿ ತಾಮ್ರದ ಗುಂಡು. ಬಾರ್ನ್ಸ್ ಕಂಪನಿ 1989ರಲ್ಲಿ ಇದನ್ನು ಪ್ರಚಾರಕ್ಕೆ ತಂದಿತು. ಮುಂದಿನ ತುದಿ ನಾಲ್ಕು ದಳವಾಗಿ ಬಿಚ್ಚಿಕೊಳ್ಳುತ್ತದೆ, ತೂಕ ಹೆಚ್ಚುಕಡಿಮೆ ಪೂರ್ತಿ ಉಳಿಯುತ್ತದೆ, ಆಳಕ್ಕೆ ಇಳಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ನಿಷೇಧ. ಅದಕ್ಕೆ ಮುಖ್ಯ ಕಾರಣ ಕಾಂಡೋರ್ ರಣಹದ್ದುಗಳು. ಬೇಟೆಗಾರರು ಬಿಟ್ಟುಹೋದ ಕರುಳು ತಿಂದು ಸೀಸದ ವಿಷಕ್ಕೆ ಬಲಿಯಾಗುತ್ತಿದ್ದವು. ನನ್ನ ಕಾರಣ ಇನ್ನೂ ಹತ್ತಿರದ್ದು. ಸೀಸದ ಚೂರು ಗಾಯದಿಂದ ಅಂಗುಲಗಟ್ಟಲೆ ದೂರ ಮಾಂಸದಲ್ಲಿ ಹರಡಿಕೊಳ್ಳುತ್ತದೆ, ಕಣ್ಣಿಗೂ ಕಾಣುವುದಿಲ್ಲ. ಆ ಮಾಂಸದ ಸಾರು ಉಣ್ಣುವವರಲ್ಲಿ ನನ್ನ ಮಗಳೂ ಇದ್ದಾಳೆ. ಹಾಗಾಗಿ ನಮ್ಮನೆಯಲ್ಲಿ ತಾಮ್ರವೇ.

ತಾಮ್ರಕ್ಕೆ ಹೋಗುವವರು ಎರಡು ವಿಷಯ ನೆನಪಿಡಿ. ಒಂದು, ಮೇಲೆ ಹೇಳಿದ ವೇಗದ ಮಟ್ಟ. ಇನ್ನೊಂದು, ತಾಮ್ರ ಸೀಸಕ್ಕಿಂತ ಹಗುರ, ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಅದಕ್ಕೆ ಒಂದು ಮೆಟ್ಟಿಲು ಕಡಿಮೆ ತೂಕ ತೆಗೆದುಕೊಳ್ಳಿ. .30-06ರಲ್ಲಿ ಸೀಸದ 180 ಹಾಕುವವರು ತಾಮ್ರದ 165 ಅಥವಾ 150 ಹಾಕಬಹುದು.

ಸೈನ್ಯದವರು ಬಳಸುವಂಥ ಪೂರ್ತಿ ಕವಚದ, ಅರಳದ ಗುಂಡು ಬೇಟೆಗೆ ಬೇಡವೇ ಬೇಡ. ಕೊಲರಾಡೋದಲ್ಲಿ ಅದು ಕಾನೂನಿಗೂ ವಿರುದ್ಧ.

ಹೆಜ್ಜೆ 8: ಈಗ ಹೆಸರುಗಳಿಗೆ ಬರೋಣ

.243 ವಿಂಚೆಸ್ಟರ್ 1955ರದ್ದು. ಜಿಂಕೆಗೆ ಸೊಗಸು, ಒದೆಯೇ ಇಲ್ಲ ಎನ್ನಬಹುದು, ಮಕ್ಕಳಿಗೂ ಹೊಸಬರಿಗೂ ಒಳ್ಳೆಯದು. ಎಲ್ಕ್‌ಗೆ ಕಾನೂನು ಒಪ್ಪುತ್ತದೆ, ನಾನು ಒಪ್ಪುವುದಿಲ್ಲ. ಗಟ್ಟಿ ಗುಂಡು ಹಾಕಿ, ಹತ್ತಿರದಿಂದ, ಅಡ್ಡಲಾಗಿ ನಿಂತ ಹೆಣ್ಣಿಗೆ ನುರಿತವರು ಹೊಡೆಯುತ್ತಾರೆ. ನುರಿತವರಿಗೆ ಈ ಮಾರ್ಗದರ್ಶಿ ಬೇಕಿಲ್ಲ.

6.5 ಕ್ರೀಡ್‌ಮೂರ್ 2007ರಲ್ಲಿ ಬಂತು. ಮೊದಲು ಗುರಿ ಸ್ಪರ್ಧೆಯವರದ್ದಾಗಿತ್ತು, ಈಗ ಎಲ್ಲೆಲ್ಲೂ ಅದೇ. ಉದ್ದ, ಸಪೂರ ಗುಂಡು, ಗಾಳಿಗೆ ಕಡಿಮೆ ಸರಿಯುತ್ತದೆ, ಒದೆ ಕಡಿಮೆ. ಜಿಂಕೆಗೆ ಹೇಳಿ ಮಾಡಿಸಿದ್ದು. ಎಲ್ಕ್‌ಗೆ ಸಾಲದು ಎಂದು ಹಿರಿಯರು ಮೂಗು ಮುರಿಯುತ್ತಾರೆ. ಬಾಂಡೆಡ್ ಅಥವಾ ತಾಮ್ರದ ಗುಂಡು ಹಾಕಿ 250 ಗಜದೊಳಗೆ ಇದ್ದರೆ ಸಾಕಾಗುತ್ತದೆ ಎಂಬುದು ನನ್ನ ಅನಿಸಿಕೆ. ಓರೆಯಾಗಿ ನಿಂತ ದೊಡ್ಡ ಗಂಡಿಗೆ ಬೇಡ. ಕಾಯಿರಿ, ತಿರುಗುತ್ತದೆ.

1980ರ 7 ಎಂಎಂ-08 ರೆಮಿಂಗ್ಟನ್ ನನ್ನ ಕಣ್ಣಲ್ಲಿ ಅನ್ಯಾಯಕ್ಕೊಳಗಾದದ್ದು. .308ರ ಕೊಳವೆಯ ಕುತ್ತಿಗೆ ಬಿಗಿಸಿ ಮಾಡಿದ್ದು. ನೂರು ವರ್ಷ ದಾಟಿದ 7x57 ಮೌಸರ್ ಮಾಡುತ್ತಿದ್ದ ಕೆಲಸವನ್ನೇ ಚಿಕ್ಕ ರೈಫಲ್‌ನಲ್ಲಿ ಮಾಡುತ್ತದೆ. 140 ಗ್ರೇನ್ ಗುಂಡು ಎಲ್ಕ್‌ಗೂ ಸರಿ. ಒದೆ ಇಷ್ಟವಿಲ್ಲದವರು, ಸಣ್ಣ ಮೈಕಟ್ಟಿನವರು ಮೊದಲು ಇದನ್ನು ಹಿಡಿದು ನೋಡಿ. ತೊಂದರೆ ಒಂದೇ, ಹಳ್ಳಿ ಅಂಗಡಿಯಲ್ಲಿ ತೋಟೆ ಸಿಗದೇ ಹೋಗಬಹುದು.

.270 ವಿಂಚೆಸ್ಟರ್‌ಗೆ 2025ಕ್ಕೆ ನೂರು ವರ್ಷ ತುಂಬಿತು. 130 ಗ್ರೇನ್ ಜಿಂಕೆಗೆ, 150 ಗ್ರೇನ್ ಎಲ್ಕ್‌ಗೆ, ಎರಡೂ ಅದೇ ರೈಫಲ್‌ನಲ್ಲಿ. ಬಯಲಿನಲ್ಲಿ ಮ್ಯೂಲ್ ಡಿಯರ್ ಹುಡುಕುವವರಿಗೆ ಇದು ಬಹಳ ಇಷ್ಟ.

.308 ವಿಂಚೆಸ್ಟರ್ 1952ರದ್ದು. ಊರಲ್ಲಿ ಸೈನ್ಯದಲ್ಲಿದ್ದ ಮಾವನೋ ಚಿಕ್ಕಪ್ಪನೋ ಇದ್ದರೆ 7.62 ಎಸ್‌ಎಲ್‌ಆರ್ ಬಗ್ಗೆ ಕೇಳಿರುತ್ತೀರಿ. ಇದು ಆ ತೋಟೆಯದೇ ಅಣ್ಣ. ಚಿಕ್ಕ, ಗಟ್ಟಿ ರೈಫಲ್, ಎಲ್ಲಾ ಕಡೆ ತೋಟೆ ಸಿಗುತ್ತದೆ. 250, 300 ಗಜದೊಳಗೆ ಜಿಂಕೆ, ಎಲ್ಕ್ ಎರಡಕ್ಕೂ ನೆಮ್ಮದಿ.

.30-06 ಬಗ್ಗೆ ನಾನು ಪಕ್ಷಪಾತಿ. 150 ಗ್ರೇನ್‌ನಿಂದ 220 ಗ್ರೇನ್‌ವರೆಗೆ ತೋಟೆ ಅಂಗಡಿಯಲ್ಲೇ ಸಿಗುತ್ತದೆ. ಒದೆ ಇದೆ, ತಡೆದುಕೊಳ್ಳಬಹುದು. ಒಂದೇ ರೈಫಲ್, ಎರಡೂ ಪ್ರಾಣಿ, ಜೀವನಪೂರ್ತಿ ಎಂದರೆ ನನ್ನ ಬೆರಳು ಇದರ ಕಡೆಗೇ ಹೋಗುತ್ತದೆ.

ಮ್ಯಾಗ್ನಂಗಳು, ಅಂದರೆ 1962ರ 7 ಎಂಎಂ ರೆಮಿಂಗ್ಟನ್, 1963ರ .300 ವಿಂಚೆಸ್ಟರ್. ಕೆಟ್ಟವಲ್ಲ. ಕಣಿವೆಯಾಚೆ 350 ಗಜದಲ್ಲಿ ದೊಡ್ಡ ಗಂಡು ಎಲ್ಕ್, ಗಾಳಿ, ಹೊಡೆಯಬಲ್ಲ ಕೈ, ಇವೆಲ್ಲ ಸೇರಿದಾಗ ಅವುಗಳ ಬೆಲೆ ಗೊತ್ತಾಗುತ್ತದೆ. ಎರಡರಲ್ಲಿ 7 ಎಂಎಂ ಭುಜಕ್ಕೆ ಸ್ವಲ್ಪ ಕರುಣೆ ತೋರಿಸುತ್ತದೆ. ಮೊದಲ ರೈಫಲ್ ಆಗಿ ಮಾತ್ರ ಬೇಡ. ಹತ್ತಿರದಿಂದ ಜಿಂಕೆಯ ಭುಜಕ್ಕೆ ತಾಗಿದರೆ ಮುಂಗಾಲಿನ ಮಾಂಸ ಪೂರ್ತಿ ರಕ್ತದ ಮುದ್ದೆ.

.30-30 1895ರಿಂದ ಇದೆ. ಕೆಳಗೆ ಸನ್ನೆಗೋಲಿರುವ ಕೌಬಾಯ್ ಕೋವಿ. ಕಾಡಿನೊಳಗೆ 125, 150 ಗಜದವರೆಗೆ ಜಿಂಕೆಗೆ ಮುದ್ದಾದ ಕೋವಿ, ಅಷ್ಟೇ.

ಇನ್ನೂ ಕುಗ್ಗಿಸಿ ಹೇಳು ಎಂದರೆ: ಜಿಂಕೆ ಮಾತ್ರ ಆದರೆ 6.5 ಕ್ರೀಡ್‌ಮೂರ್ ಅಥವಾ .243. ಎರಡೂ ಬೇಕು, ಒದೆ ಬೇಡ ಎಂದರೆ 7 ಎಂಎಂ-08. ಎರಡೂ ಬೇಕು, ಭುಜ ಗಟ್ಟಿ ಇದೆ ಎಂದರೆ .270, .308, .30-06 ಮೂರರಲ್ಲಿ ಯಾವುದು ಒಳ್ಳೆಯ ಬೆಲೆಗೆ ಸಿಗುತ್ತದೋ ಅದು. ಈ ಮೂರರ ನಡುವಿನ ವ್ಯತ್ಯಾಸ ಪ್ರಾಣಿಗೆ ಗೊತ್ತಾಗುವುದಿಲ್ಲ.

ಹೆಜ್ಜೆ 9: ಕೊಳ್ಳುವುದು, ಹೊಂದಿಸುವುದು

ಕೊಳ್ಳುವ ಮೊದಲು ಬಾಡಿಗೆಗೆ ರೈಫಲ್ ಕೊಡುವ ರೇಂಜ್ ಇದ್ದರೆ ಹೋಗಿ, ಇಲ್ಲವೇ ಬೇಟೆಗೆ ಹೋಗುವ ಸಹೋದ್ಯೋಗಿಯ ಜೊತೆ ಒಂದು ಭಾನುವಾರ ಕಳೆಯಿರಿ. ಮೂರು ಕ್ಯಾಲಿಬರ್ ಹೊಡೆದು ನೋಡಿದರೆ ಈ ಲೇಖನದ ಅರ್ಧ ಭಾಗ ಬೇಕಾಗುವುದಿಲ್ಲ.

ತೋಟೆ ಸಿಗುತ್ತದೆಯೇ ನೋಡಿಕೊಳ್ಳಿ. 2020, 2021ರಲ್ಲಿ ಇಲ್ಲಿ ತೋಟೆಗೆ ಬರ ಬಂದಿತ್ತು. ಅಂಗಡಿ ಕಪಾಟು ಖಾಲಿ. ಅಪರೂಪದ ಕ್ಯಾಲಿಬರ್ ಇಟ್ಟುಕೊಂಡವರು ಅಭ್ಯಾಸವನ್ನೇ ಬಿಟ್ಟರು. ದುಡ್ಡು ಸೀಮಿತವಾಗಿದ್ದರೆ ರೈಫಲ್‌ನಲ್ಲಿ ಉಳಿಸಿ, ಸ್ಕೋಪ್ ಮತ್ತು ಅಭ್ಯಾಸದ ತೋಟೆಗೆ ಹಾಕಿ.

ಎರಡು ಮೂರು ಥರದ ತೋಟೆ ಒಂದೊಂದು ಡಬ್ಬಿ ತನ್ನಿ. ಒಂದೇ ಕ್ಯಾಲಿಬರ್ ಆದರೂ ಒಂದೊಂದು ರೈಫಲ್‌ಗೆ ಒಂದೊಂದು ತೋಟೆ ಒಗ್ಗುತ್ತದೆ. ನೂರು ಗಜದಲ್ಲಿ ಯಾವುದರ ಗುಂಡುಗಳು ಒತ್ತಾಗಿ ಬೀಳುತ್ತವೋ ಅದನ್ನೇ ಜಾಸ್ತಿ ಕೊಂಡಿಡಿ. ಅದೇ ತೋಟೆಯಿಂದ ಗುರಿ ಹೊಂದಿಸಿ, ಅದೇ ತೋಟೆ ಬೇಟೆಗೆ ಒಯ್ಯಿರಿ. ರೇಂಜಿನಲ್ಲಿ ಅಗ್ಗದ್ದು, ಕಾಡಿನಲ್ಲಿ ದುಬಾರಿಯದ್ದು ಎಂದು ಮಾಡಿದರೆ ಗುಂಡು ಬೇರೆ ಜಾಗಕ್ಕೆ ಬೀಳುತ್ತದೆ. 100 ಗಜದಲ್ಲಿ ಒಂದೂವರೆ, ಎರಡು ಅಂಗುಲ ಮೇಲೆ ಬೀಳುವಂತೆ ಹೊಂದಿಸಿದರೆ 200 ಗಜಕ್ಕೆ ಸರಿಹೋಗುತ್ತದೆ.

ಹ್ಯೂಸ್ಟನ್‌ನಂಥ ಸಮುದ್ರಮಟ್ಟದ ಊರಿನಿಂದ ಬರುವವರಿಗೆ ಒಂದು ಮಾತು. ಕೊಲರಾಡೋದ ಎಲ್ಕ್ ಸಿಗುವುದು ಎಂಟರಿಂದ ಹನ್ನೊಂದು ಸಾವಿರ ಅಡಿ ಎತ್ತರದಲ್ಲಿ. ಗಾಳಿ ತೆಳು, ಗುಂಡಿಗೆ ತಡೆ ಕಡಿಮೆ, ದೂರದಲ್ಲಿ ಸ್ವಲ್ಪ ಮೇಲೆ ಬೀಳುತ್ತದೆ. 200 ಗಜದೊಳಗೆ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಉಸಿರಿನ ಬಗ್ಗೆ ಕೆಡಿಸಿಕೊಳ್ಳಿ. ಏರು ಹತ್ತಿ ಬಂದ ಕೂಡಲೇ ಏದುಸಿರಿನಲ್ಲಿ ಹೊಡೆದರೆ ಯಾವ ಕ್ಯಾಲಿಬರೂ ಕಾಪಾಡುವುದಿಲ್ಲ.

ಬೇಟೆಯ ಹಿಂದಿನ ದಿನ ಕ್ಯಾಂಪ್ ತಲುಪಿದ ಮೇಲೆ, ಗುಂಡು ಹಾರಿಸಲು ಅನುಮತಿ ಇರುವ ಜಾಗದಲ್ಲಿ, ಹಿಂದೆ ಮಣ್ಣಿನ ದಿಬ್ಬ ಇರುವುದನ್ನು ನೋಡಿಕೊಂಡು ಒಂದು ಗುಂಡು ಹಾರಿಸಿ. ಮಣ್ಣು ರಸ್ತೆಯ ಕುಲುಕಾಟಕ್ಕೆ ಸ್ಕೋಪ್ ಸರಿದಿರುತ್ತದೆ, ನನಗೆ ಒಮ್ಮೆ ನಾಲ್ಕು ಅಂಗುಲ ಸರಿದಿತ್ತು. ಸರಿಯಾಗಿದ್ದರೆ ನಳಿಗೆ ಒರೆಸಿ, ಖಾಲಿ ಮಾಡಿ, ಒಳಗಿಡಿ. ರೈಫಲ್‌ನ ಹಿಡಿಗೆ ಒಂದು ಚೀಟಿ ಅಂಟಿಸಿ, ಅದರಲ್ಲಿ 100, 200, 250 ಗಜಕ್ಕೆ ಗುಂಡು ಎಷ್ಟು ಮೇಲೆ ಅಥವಾ ಕೆಳಗೆ ಬೀಳುತ್ತದೆ ಎಂದು ಬರೆದಿಡಿ. ಬೆರಳು ಮರಗಟ್ಟುವ ಚಳಿಯಲ್ಲಿ, ಎಲ್ಕ್ ಎದುರಿಗೆ ಬಂದಾಗ, ಬಾಯಿಪಾಠ ಮಾಡಿದ್ದೂ ಮರೆತುಹೋಗುತ್ತದೆ. ನನ್ನ ಚೀಟಿಯಲ್ಲಿ 250ರ ಸಾಲಿನ ಕೆಳಗೆ ಬೇರೆ ಅಂಕಿಯಿಲ್ಲ. ಕೆಂಪು ಪೆನ್ನಿನಲ್ಲಿ ಒಂದು ಅಡ್ಡಗೆರೆ ಎಳೆದಿದೆ.